ಮಿದುಳಿನ ಬಾಗಿಲು ಮೂರು ವರ್ಷಕ್ಕೇ ಮುಚ್ಚುತ್ತದೆಯೇ?

ಬೇಸಿಗೆ ರಜೆ ಮುಗಿಯುತ್ತ ಬಂದಂತೆ ನಿಮ್ಮ ಮನೆಬಾಗಿಲಿಗೆ ಕರಪತ್ರಗಳು ಬರತೊಡಗುತ್ತವೆ. ನುಣುಪಾದ ಕಾಗದ, ಟೈ ಕಟ್ಟಿಕೊಂಡ ಪುಟ್ಟ ಮಗು, ಅದರ ತಲೆಯೊಳಗೆ ಬಣ್ಣಬಣ್ಣದ ಮಿದುಳಿನ ಚಿತ್ರ. ಮಗುವಿನ ಮಿದುಳು ಮೂರು ವರ್ಷದೊಳಗೆ ಬೆಳೆದು ಮುಗಿಯುತ್ತದೆ, ಇದು ವಿಜ್ಞಾನಿಗಳೇ ಹೇಳಿದ ಮಾತು, ಆಮೇಲೆ ಕಲಿಸಿದ್ದು ತಲೆಗೆ ಹತ್ತುವುದಿಲ್ಲ, ಆದ್ದರಿಂದ ಈಗಲೇ ಇಂಗ್ಲಿಷ್ ಶಾಲೆಗೆ ಸೇರಿಸಿ ಎಂಬುದು ಅದರ ಸಾರಾಂಶ. ಕೆಳಗೆ ವ್ಯಾನ್ ಬರುವ ಊರುಗಳ ಪಟ್ಟಿ.

ತಾಳವಾಡಿ ಬೆಟ್ಟದ ಮೇಲಿನ ಊರುಗಳಿಗೂ ಆ ವ್ಯಾನು ಬರುತ್ತದೆ, ಹೊಸೂರಿನ ಸುತ್ತಮುತ್ತಲೂ ಬರುತ್ತದೆ. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುತ್ತಿರುವ ತಂದೆತಾಯಿ ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬರುವುದುಂಟು. ನಿವೃತ್ತನಾಗಿ ವರ್ಷಗಳಾದರೂ ಮೇಷ್ಟ್ರು ಎಂಬ ಹೆಸರು ಹೋಗಿಲ್ಲವಲ್ಲ. "ಸಾರ್, ಮಗೂಗೆ ಆಗಲೇ ನಾಲ್ಕು ತುಂಬಿತು. ಹೊತ್ತು ಮೀರಿ ಹೋಯ್ತಾ?" ಎಂದು ಅವರು ಕೇಳುವಾಗ ಆ ದನಿಯಲ್ಲಿರುವ ಅಳುಕು ನಿಮ್ಮಲ್ಲಿ ಹಲವರಿಗೂ ಇರಬಹುದು. ಭಾಷಾಭಿಮಾನದ ಮಾತು ಹೇಳಿ ಆ ಅಳುಕನ್ನು ಹೋಗಲಾಡಿಸಲು ಆಗುವುದಿಲ್ಲ, ಹಾಗೆ ಮಾಡುವುದು ಸರಿಯೂ ಅಲ್ಲ. ವಿಜ್ಞಾನ ಹೇಳಿದೆ ಎಂದು ಅವರು ಹೆದರಿದ್ದಾರೆ. ಹಾಗಾದರೆ ವಿಜ್ಞಾನ ಹೇಳಿದ್ದೇನು, ಯಾರು ಹೇಳಿದರು, ಯಾವುದನ್ನು ನೋಡಿ ಹೇಳಿದರು ಎಂದು ವಿಚಾರಿಸೋಣ.

ಈ ಮಾತಿನ ಬೇರು ಹುಡುಕುತ್ತ ಹೋದರೆ ಒಬ್ಬ ಮಕ್ಕಳ ವೈದ್ಯರ ಪ್ರಯೋಗಶಾಲೆ ಸಿಗುತ್ತದೆ. ಅವರ ಹೆಸರು ಪೀಟರ್ ಹಟನ್‌ಲಾಕರ್. ಹುಟ್ಟಿದ್ದು 1931ರಲ್ಲಿ, ಜರ್ಮನಿಯಲ್ಲಿ. ಯುದ್ಧ ಮುಗಿದ ಮೇಲೆ ಹದಿಹರೆಯದಲ್ಲಿ ಅಮೆರಿಕಕ್ಕೆ ಹೋದರು. ಮೊದಲು ಓದಿದ್ದು ತತ್ತ್ವಶಾಸ್ತ್ರ, ಆಮೇಲೆ ಹಾರ್ವರ್ಡಿನಲ್ಲಿ ವೈದ್ಯಶಾಸ್ತ್ರ. ಮಕ್ಕಳ ನರರೋಗಗಳ ತಜ್ಞರಾಗಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕೆಲಸ ಮಾಡಿದರು. 2013ರಲ್ಲಿ ತೀರಿಕೊಂಡರು. ಜರ್ಮನ್ ಮಾತಾಡಿ ಬೆಳೆದ ಹುಡುಗ ಇಂಗ್ಲಿಷಿನ ದೇಶದಲ್ಲಿ ಓದಿ ಇಷ್ಟು ದೊಡ್ಡ ಕೆಲಸ ಮಾಡಿದರು ಎಂಬುದನ್ನು ಸುಮ್ಮನೆ ನೆನಪಿಗಾಗಿ ಹೇಳಿದೆ.

ಬುದ್ಧಿಬೆಳವಣಿಗೆ ಕುಂಠಿತವಾದ ಮಕ್ಕಳು ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದರು. ಅಂಥ ಮಕ್ಕಳ ಮಿದುಳಿನಲ್ಲಿ ಏನು ವ್ಯತ್ಯಾಸವಿರುತ್ತದೆ ಎಂಬುದು ಅವರ ಪ್ರಶ್ನೆ. ವ್ಯತ್ಯಾಸ ಹೇಳಬೇಕಾದರೆ ಸರಿಯಾಗಿ ಬೆಳೆದ ಮಿದುಳು ಹೇಗಿರುತ್ತದೆ ಎಂದು ಮೊದಲು ಗೊತ್ತಿರಬೇಕು. ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯರ ಮಿದುಳಿನಲ್ಲಿ ಸಂಪರ್ಕಗಳು ಎಷ್ಟಿರುತ್ತವೆ ಎಂಬ ಲೆಕ್ಕ ಆಗ ಸರಿಯಾಗಿ ಸಿಗುತ್ತಿರಲಿಲ್ಲ. ಹಟನ್‌ಲಾಕರ್ ತಾವೇ ಎಣಿಸಲು ಕುಳಿತರು.

ಎಣಿಸಿದ್ದು ಏನನ್ನು? ನಮ್ಮ ಮಿದುಳಿನ ಮೇಲ್ಭಾಗದಲ್ಲಿ ಸುರುಳಿ ಸುರುಳಿಯಾಗಿ ಮಡಿಸಿಕೊಂಡ ಒಂದು ಹೊದಿಕೆ ಇದೆ. ಅದನ್ನು ಕಾರ್ಟೆಕ್ಸ್ ಎನ್ನುತ್ತಾರೆ. ದಪ್ಪ ಎರಡರಿಂದ ನಾಲ್ಕು ಮಿಲಿಮೀಟರು, ಅಂದರೆ ಅಕ್ಕಿರೊಟ್ಟಿಗಿಂತ ಹೆಚ್ಚೇನಿಲ್ಲ. ನೋಡುವುದು, ಕೇಳಿದ್ದನ್ನು ತಿಳಿಯುವುದು, ಮಾತಾಡುವುದು, ಯೋಚಿಸುವುದು ಎಲ್ಲಕ್ಕೂ ಈ ಹೊದಿಕೆ ಬೇಕು. ಅದರೊಳಗಿನ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಜಾಗಕ್ಕೆ ಸಿನಾಪ್ಸ್ ಎಂದು ಹೆಸರು. ಬರಿಗಣ್ಣಿಗೆ ಇರಲಿ, ನಮ್ಮ ಪ್ರೌಢಶಾಲೆಯ ಸೂಕ್ಷ್ಮದರ್ಶಕಕ್ಕೂ ಅದು ಕಾಣುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಬೇರೆ ಬೇರೆ ಕಾರಣದಿಂದ ತೀರಿಕೊಂಡ, ಮಿದುಳಿನ ರೋಗವಿಲ್ಲದ 21 ಜನರ ಮಿದುಳನ್ನು ಅವರು ಪರೀಕ್ಷೆಗೆ ಎತ್ತಿಕೊಂಡರು. ಅತಿ ಚಿಕ್ಕದು ಆಗತಾನೆ ಹುಟ್ಟಿದ ಶಿಶುವಿನದು, ಅತಿ ಹಿರಿಯದು 90 ವರ್ಷದವರದು. ಸತ್ತು 36 ಗಂಟೆಯೊಳಗೆ ಸಂಸ್ಕರಿಸಿಟ್ಟ ಮಿದುಳಾದರೆ ಒಂದು ಬಗೆಯ ಆಮ್ಲದಿಂದ ಸಿನಾಪ್ಸ್‌ಗಳು ಕಪ್ಪಾಗಿ ಎದ್ದುಕಾಣುವಂತೆ ಮಾಡಬಹುದಿತ್ತು. ಹಣೆಯ ಹಿಂಭಾಗದ ಕಾರ್ಟೆಕ್ಸಿನಿಂದ ತೆಳುವಾದ ಚೂರು ಕತ್ತರಿಸಿ, ಚಿತ್ರ ತೆಗೆದು, ಕಪ್ಪು ಗುರುತುಗಳನ್ನು ಒಂದೊಂದಾಗಿ ಎಣಿಸುವುದು. ಜಾತ್ರೆಯ ಜನವನ್ನು ಆಕಾಶದಿಂದ ಫೋಟೋ ತೆಗೆದು ತಲೆ ಎಣಿಸಿದಂಥ ಕೆಲಸ. ಕೂತು ಎಣಿಸುವ ತಾಳ್ಮೆ ಇಲ್ಲದವನಿಗೆ ಆಗುವಂಥದ್ದಲ್ಲ. ಆ ಪಟ್ಟಿಯಲ್ಲಿರುವ ಒಂದೊಂದು ಎಳೆಯ ಮಿದುಳಿನ ಹಿಂದೆಯೂ ಒಂದೊಂದು ಮನೆಯ ದುಃಖವಿತ್ತು ಎಂಬುದನ್ನೂ ಓದುವಾಗ ಮರೆಯಲಾಗದು.

1979ರಲ್ಲಿ ಆ ಲೆಕ್ಕ ಪ್ರಕಟವಾಯಿತು. 16ರಿಂದ 72 ವರ್ಷದವರೆಗಿನ ದೊಡ್ಡವರಲ್ಲಿ ಒಂದು ಘನ ಮಿಲಿಮೀಟರಿಗೆ, ಅಂದರೆ ಸುಮಾರು ಒಂದು ರಾಗಿ ಕಾಳಿನಷ್ಟು ಜಾಗದಲ್ಲಿ, 110 ಕೋಟಿ ಸಿನಾಪ್ಸ್‌ಗಳಿದ್ದವು. ಇಷ್ಟೂ ವರ್ಷ ಆ ಸಂಖ್ಯೆ ಹೆಚ್ಚುಕಡಿಮೆ ಒಂದೇ ಸಮ. ಮುಪ್ಪಿನಲ್ಲಿ ಸ್ವಲ್ಪ ಇಳಿಯುತ್ತದೆ. ಆಶ್ಚರ್ಯ ಇದ್ದದ್ದು ಮಕ್ಕಳಲ್ಲಿ. ಹುಟ್ಟಿದ ಶಿಶುವಿನಲ್ಲಿ ಆಗಲೇ ದೊಡ್ಡವರಷ್ಟು ಸಿನಾಪ್ಸ್‌ಗಳು ಕಂಡವು, ಆದರೆ ಅವುಗಳ ರೂಪ ಇನ್ನೂ ಎಳಸು. ಒಂದರಿಂದ ಎರಡು ವರ್ಷದ ಹೊತ್ತಿಗೆ ಸಂಖ್ಯೆ ಏರಿ ಏರಿ ದೊಡ್ಡವರಿಗಿಂತ ಒಂದೂವರೆ ಪಟ್ಟಾಯಿತು. ಅಲ್ಲಿಂದ 16ರವರೆಗೆ ನಿಧಾನವಾಗಿ ಇಳಿಯಿತು.

ಇಳಿಯಿತು ಎಂಬ ಮಾತನ್ನು ಇನ್ನೊಮ್ಮೆ ಓದಿ. ನಿಮ್ಮ ಒಂದೂವರೆ ವರ್ಷದ ಮಗುವಿನ ತಲೆಯಲ್ಲಿ, ಎಸ್ಸೆಸ್ಸೆಲ್ಸಿ ಬರೆಯುವ ಅಣ್ಣನ ತಲೆಯಲ್ಲಿರುವುದಕ್ಕಿಂತ ಹೆಚ್ಚು ಒತ್ತಾಗಿ ಸಂಪರ್ಕಗಳಿವೆ. ಆದರೂ ಲೆಕ್ಕ ಬಿಡಿಸುವವನು ಅಣ್ಣನೇ. ಹೆಚ್ಚು ಸಂಪರ್ಕವಿದ್ದರೆ ಹೆಚ್ಚು ಬುದ್ಧಿ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನೀವು ರಾಗಿ ಬೆಳೆಯುವವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತುವಾಗ ಕೈ ಬಿಗಿ ಹಿಡಿಯುವುದಿಲ್ಲ, ಧಾರಾಳವಾಗಿ ಚೆಲ್ಲುತ್ತೇವೆ. ಪೈರು ಒತ್ತಾಗಿ ಎದ್ದ ಮೇಲೆ ಕುಂಟೆ ಹೊಡೆದು ತೆಳು ಮಾಡುತ್ತೇವೆ. ಪೇಟೆಯಿಂದ ಬಂದ ನೆಂಟ ಅದನ್ನು ನೋಡಿದರೆ ಬೆಳೆ ಹಾಳು ಮಾಡುತ್ತಿದ್ದಾರೆ ಎಂದುಕೊಳ್ಳಬಹುದು. ತೆಳುವಾಗದಿದ್ದರೆ ತೆನೆ ಕಟ್ಟುವುದಿಲ್ಲ ಎಂದು ಹೊಲದವನಿಗೆ ಗೊತ್ತು. ಮಿದುಳೂ ಹಾಗೆಯೇ ಮೊದಲು ಬೇಕಾದ್ದಕ್ಕಿಂತ ಹೆಚ್ಚು ಬಿತ್ತಿಕೊಂಡು, ಆಮೇಲೆ ಬಳಕೆಯಾಗುವುದನ್ನು ಉಳಿಸಿಕೊಳ್ಳುತ್ತದೆ, ಬಳಕೆಯಿಲ್ಲದ್ದನ್ನು ಬಿಡುತ್ತದೆ. ಹೋಲಿಕೆ ಇಲ್ಲಿಗೆ ಸಾಕು. ಹೊಲದಲ್ಲಿ ಕುಂಟೆ ಹಿಡಿಯಲು ಒಬ್ಬ ರೈತ ಇರುತ್ತಾನೆ, ಮಿದುಳಿನಲ್ಲಿ ಆ ಕೆಲಸದ ಒಂದಷ್ಟು ಪಾಲು ಹುಟ್ಟಿನಿಂದ ಬಂದ ಗುಣದಿಂದಲೇ ನಡೆದುಹೋಗುತ್ತದೆ.

ಕರಪತ್ರ ಬರೆದವರು ಈ ಏರಿಕೆಯನ್ನು ಮಾತ್ರ ತೆಗೆದುಕೊಂಡರು. ಎರಡು ವರ್ಷಕ್ಕೆ ಶಿಖರ ಮುಟ್ಟುತ್ತದೆ, ಆಮೇಲೆ ಇಳಿಜಾರು, ಆದ್ದರಿಂದ ಮೂರರೊಳಗೆ ತುಂಬಿಸಿಬಿಡಿ ಎಂದರು. ಆರು ವರ್ಷದ ಹೊತ್ತಿಗೆ ಮಗುವಿನ ಮಿದುಳಿನ ಗಾತ್ರ ದೊಡ್ಡವರದರ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿರುತ್ತದೆ ಎಂಬುದೂ ನಿಜ. ಆದರೆ ಗೋಡೆ ಎದ್ದು ಸೂರು ಬಿದ್ದ ಮಾತ್ರಕ್ಕೆ ಮನೆ ಮುಗಿಯಿತೇ? ಒಳಗಿನ ಕೆಲಸ ಎಷ್ಟು ಕಾಲ ಹಿಡಿಯುತ್ತದೆ ಎಂದು ಮನೆ ಕಟ್ಟಿಸಿದ ನಿಮಗೇ ಗೊತ್ತು.

ಈ ತಪ್ಪು ಅರ್ಥ ನಮ್ಮಲ್ಲಿ ಹುಟ್ಟಿದ್ದಲ್ಲ. 1997ರ ಏಪ್ರಿಲ್‌ನಲ್ಲಿ ಅಮೆರಿಕದ ಶ್ವೇತಭವನದಲ್ಲಿ ಎಳೆಯ ಮಕ್ಕಳ ಬೆಳವಣಿಗೆಯ ಬಗ್ಗೆ ಒಂದು ದೊಡ್ಡ ಸಮ್ಮೇಳನ ನಡೆಯಿತು. ಆ ಕಾಲದಲ್ಲಿ ಪತ್ರಿಕೆ, ಟಿವಿ ಎಲ್ಲೆಲ್ಲೂ ಮೊದಲ ಮೂರು ವರ್ಷದ್ದೇ ಮಾತು. ಮರುವರ್ಷ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಹಂಚಲು ಸರ್ಕಾರದ ಹಣ ಕೇಳಿದರು, ಮಕ್ಕಳ ಬುದ್ಧಿ ಚುರುಕಾಗಲಿ ಎಂದು. ಮೊಜಾರ್ಟನ ಸಂಗೀತ ಕೇಳಿಸಿ 1993ರಲ್ಲಿ ಒಂದು ಪ್ರಯೋಗ ನಡೆದದ್ದು ಹೌದು. ಆದರೆ ಅದು ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಕಂಡ ಲಾಭ ಉಳಿದದ್ದು ಕಾಲು ಗಂಟೆ! ಶಿಶುಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. 1999ರಲ್ಲಿ ಜಾನ್ ಬ್ರೂಯರ್ ಎಂಬುವರು, ಮೊದಲ ಮೂರು ವರ್ಷದ ಈ ಮಾತು ಒಂದು ಕಟ್ಟುಕತೆ ಎಂದು ಪುಸ್ತಕವನ್ನೇ ಬರೆಯಬೇಕಾಯಿತು.

ಎಣಿಸಿದವರೇ ಏನು ಹೇಳಿದರು ಎಂದು ಕೇಳಿದರೆ ಕರಪತ್ರದ ಬಣ್ಣ ಇನ್ನೂ ಮಾಸುತ್ತದೆ. 2002ರಲ್ಲಿ ತಮ್ಮ ಜೀವಮಾನದ ಕೆಲಸವನ್ನು ಒಟ್ಟುಮಾಡಿ ಬರೆದ ಪುಸ್ತಕದಲ್ಲಿ ಹಟನ್‌ಲಾಕರ್ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ತೀರ ಎಳವೆಯಲ್ಲೇ ಅತಿಯಾಸೆಯಿಂದ ಕಲಿಕೆಯನ್ನು ತುರುಕಿದರೆ, ಇನ್ನೂ ಯಾವ ಕೆಲಸಕ್ಕೂ ಮೀಸಲಾಗದೆ ಉಳಿದಿರುವ ಮಿದುಳಿನ ಭಾಗಗಳು ಬೇಗ ಭರ್ತಿಯಾಗಿಬಿಡಬಹುದು, ಹದಿಹರೆಯದಲ್ಲಿ ಮತ್ತು ದೊಡ್ಡವರಾದ ಮೇಲೆ ಹೊಸದನ್ನು ಸೃಷ್ಟಿಸಲು ಆ ಖಾಲಿ ಜಾಗವೇ ಬೇಕಾಗಬಹುದು ಎಂಬುದು ಅದರ ಅರ್ಥ. ಹೀಗೆ ಆಗಿಯೇ ತೀರುತ್ತದೆ ಎಂದು ಅವರು ಹೇಳಲಿಲ್ಲ. ಇಂಥದ್ದೊಂದು ಸಾಧ್ಯತೆಯನ್ನೂ ಯೋಚಿಸಬೇಕು ಎಂದರು, ಅಷ್ಟೇ. ನಮ್ಮ ಕರಪತ್ರಗಳಿಗೆ ಅಷ್ಟಾದರೂ ಸಂಕೋಚ ಇದ್ದಿದ್ದರೆ ಚೆನ್ನಾಗಿತ್ತು.

ಇನ್ನು ಅವರ ಎರಡನೆಯ ದೊಡ್ಡ ಶೋಧನೆ. ನನ್ನ ಮಟ್ಟಿಗೆ ತಂದೆತಾಯಿಗೆ ಹೆಚ್ಚು ಉಪಯೋಗದ್ದು ಇದೇ. ಕಾರ್ಟೆಕ್ಸ್ ಎಂಬುದು ಎಲ್ಲ ಕಡೆ ಒಂದೇ ಗಡಿಯಾರ ನೋಡಿಕೊಂಡು ಬೆಳೆಯುವುದಿಲ್ಲ. ಕಣ್ಣಿನ ಕೆಲಸ ಮಾಡುವ ಭಾಗದಲ್ಲಿ ಎರಡರಿಂದ ನಾಲ್ಕನೆಯ ತಿಂಗಳೊಳಗೆ ಸಿನಾಪ್ಸ್‌ಗಳು ರಭಸವಾಗಿ ಹೆಚ್ಚುತ್ತವೆ, ಎಂಟನೆಯ ತಿಂಗಳ ಹೊತ್ತಿಗೆ ಶಿಖರ, ಆಮೇಲೆ 11 ವರ್ಷದವರೆಗೆ ಸುಮಾರು ನೂರಕ್ಕೆ ನಲವತ್ತು ಪಾಲು ಹೋಗುತ್ತವೆ. 1997ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಲೆಕ್ಕದಲ್ಲಿ ಕಿವಿಯ ಕೆಲಸದ ಭಾಗ ಮೂರನೆಯ ತಿಂಗಳಿಗೇ ಶಿಖರ ಮುಟ್ಟಿತ್ತು, ಅಲ್ಲಿನ ತೆಳುವಾಗುವಿಕೆ 12 ವರ್ಷಕ್ಕೆ ಮುಗಿದಿತ್ತು. ಯೋಚನೆ, ತಾಳ್ಮೆ, ಮುಂದಾಲೋಚನೆ ಇವುಗಳಿಗೆ ಬೇಕಾದ ಹಣೆಯ ಹಿಂದಿನ ಭಾಗ ಮಾತ್ರ ಬಲು ನಿಧಾನ. ಶಿಖರ ಮುಟ್ಟುವುದೇ 15 ತಿಂಗಳು ಕಳೆದ ಮೇಲೆ, ತೆಳುವಾಗುವುದು ಹದಿಹರೆಯದ ನಡುವಿನವರೆಗೆ. 2011ರಲ್ಲಿ ಬೇರೆ ವಿಜ್ಞಾನಿಗಳು ಎಣಿಸಿ ನೋಡಿದಾಗ ಅದು 20 ವರ್ಷ ದಾಟಿದ ಮೇಲೂ ನಡೆದೇ ಇರುತ್ತದೆ ಎಂದು ತಿಳಿಯಿತು.

ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಹನ್ನೊಂದನೆಯದಕ್ಕೆ ಇಂಗ್ಲಿಷಿಗೋ ತಮಿಳಿಗೋ ಹೊರಳಬೇಕಾದ ಮಕ್ಕಳ ತಂದೆತಾಯಿ ಇದನ್ನು ಗಮನಿಸಬೇಕು. ಆ ವರ್ಷ ಕಷ್ಟದ್ದು, ಸುಳ್ಳು ಹೇಳುವುದಿಲ್ಲ. ಮೊದಲ ಆರು ತಿಂಗಳು ಪಾಠದ ಪದಗಳೇ ಬೇರೆ, ಮಗು ಮಂಕಾಗಿ ಮನೆಗೆ ಬರುತ್ತದೆ. ಆದರೆ ಅದು ಅಭ್ಯಾಸದ ಕಷ್ಟ. ಆ ವಯಸ್ಸಿನಲ್ಲಿ ಮಿದುಳಿನ ಯೋಚಿಸುವ ಭಾಗ ಇನ್ನೂ ತನ್ನನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ. ಬಾಗಿಲು ಮುಚ್ಚಿಹೋಗಿದೆ ಎಂದು ಯಾರಾದರೂ ಹೇಳಿದರೆ ಯಾವ ಬಾಗಿಲು ಎಂದು ಕೇಳಿ.

ಬೇಗ ಮುಚ್ಚುವ ಬಾಗಿಲುಗಳೂ ಇವೆ. ಅವುಗಳ ವಿಷಯದಲ್ಲಿ ನಾವು ತೋರಿಸಬೇಕಾದ ಅವಸರ ತೋರಿಸುವುದಿಲ್ಲ ಎಂಬುದೇ ನನ್ನ ದೂರು. ಮೊದಲನೆಯದು ಕಣ್ಣು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬಿಬ್ಬರು ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿ, ಎಳವೆಯಲ್ಲಿ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟರೆ ಆಮೇಲೆ ತೆರೆದರೂ ಮಿದುಳು ಆ ಕಣ್ಣಿನ ನೋಟವನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ ಎಂದು ತೋರಿಸಿದರು. ಕಣ್ಣಿಗೂ ಮಿದುಳಿಗೂ ಇರುವ ಸಂಬಂಧದ ಆ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಂತು. ಮನುಷ್ಯರ ಮಕ್ಕಳಲ್ಲೂ ಹೀಗೆಯೇ. ಮೆಳ್ಳೆಗಣ್ಣು ಅದೃಷ್ಟ ಎಂದು ಸುಮ್ಮನಿರುವ ಮನೆಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಬಿಡಬೇಡಿ. ಕಣ್ಣಿನ ಪಾಪೆಯಲ್ಲಿ ಬಿಳುಪು ಕಂಡರಂತೂ ನಾಳೆ ಎನ್ನಬೇಡಿ. ಕಿವಿ ಸೋರುತ್ತಿದ್ದರೆ, ಹಿಂದಿನಿಂದ ಕರೆದರೆ ಮಗು ತಿರುಗದಿದ್ದರೆ ಅದೂ ಅಷ್ಟೇ ತುರ್ತು. ಅಂಗನವಾಡಿಗೂ ಶಾಲೆಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಎಲ್.ಕೆ.ಜಿ.ಗೆ ಒಂದು ವರ್ಷ ತಡವಾದರೆ ಏನೂ ಮುಳುಗುವುದಿಲ್ಲ, ಕಣ್ಣಿನ ಚಿಕಿತ್ಸೆ ತಡವಾದರೆ ಮುಳುಗುತ್ತದೆ.

ಇನ್ನೊಂದು ಮಾತಿನ ಧ್ವನಿಗಳದ್ದು. 1984ರಲ್ಲಿ ಜೆನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಮಾಡಿದ ಪ್ರಯೋಗವೊಂದು ನಮಗೆ ಹತ್ತಿರದ್ದು, ಏಕೆಂದರೆ ಅದರಲ್ಲಿ ಬಳಸಿದ್ದು ಹಿಂದಿಯ ತ ಮತ್ತು ಟ. ನಮ್ಮಲ್ಲಿ ಹತ್ತಿ, ಹಟ್ಟಿ ಎರಡೂ ಬೇರೆ ಪದ, ಕತ್ತು, ಕಟ್ಟು ಬೇರೆ ಪದ. ಇಂಗ್ಲಿಷ್ ಮಾತಾಡುವ ದೊಡ್ಡವರ ಕಿವಿಗೆ ಈ ವ್ಯತ್ಯಾಸ ಸುಲಭವಾಗಿ ಬೀಳುವುದಿಲ್ಲ. ಆದರೆ ಇಂಗ್ಲಿಷ್ ಮನೆಯ ಆರೇಳು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಅದನ್ನು ಗುರುತಿಸಿದವು! ಧ್ವನಿ ಬದಲಾದಾಗ ಮಗು ತಲೆ ತಿರುಗಿಸಿದರೆ ಡಬ್ಬಿಯೊಳಗಿನ ಆಟಿಕೆ ಬೆಳಗಿ ಕುಣಿಯುವಂತೆ ಮಾಡಿಟ್ಟು ಅದನ್ನು ಪರೀಕ್ಷಿಸಿದರು. ಅದೇ ಪರೀಕ್ಷೆಯನ್ನು ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಿಗೆ ಕೊಟ್ಟಾಗ ಬಹುತೇಕ ಶಿಶುಗಳಿಗೆ ಆಗಲಿಲ್ಲ. ಹಿಂದಿ ಕೇಳುತ್ತ ಬೆಳೆದ ಅದೇ ವಯಸ್ಸಿನ ಮಕ್ಕಳಿಗೆ ಆ ಶಕ್ತಿ ಉಳಿದೇ ಇತ್ತು. ಕೇಳಿದ ಧ್ವನಿಗೆ ಕಿವಿ ಒಗ್ಗುವುದು, ಕೇಳದ್ದನ್ನು ಬಿಡುವುದು ವರ್ಷ ತುಂಬುವುದರೊಳಗೇ ಶುರುವಾಗಿರುತ್ತದೆ.

ಗಡಿಯ ಮಕ್ಕಳು ಇದರಲ್ಲಿ ಭಾಗ್ಯವಂತರು ಎಂದು ನನ್ನ ಅನಿಸಿಕೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಸಂತೆಯಲ್ಲಿ ತಮಿಳು. ಕಾಸರಗೋಡಿನ ಮಗುವಿಗೆ ಮಲಯಾಳ, ಸೊಲ್ಲಾಪುರದ ಮಗುವಿಗೆ ಮರಾಠಿ. ಯಾರೂ ಫೀಸು ಕಟ್ಟದೆ ಎರಡು ಭಾಷೆಯ ಧ್ವನಿ ತೊಟ್ಟಿಲಿಗೇ ಬಂದು ಬೀಳುತ್ತದೆ. ಹಾಗೆಂದು ತೊಟ್ಟಿಲಲ್ಲಿ ಕೇಳದ ಧ್ವನಿ ಆಮೇಲೆ ಬಾರದೇ ಇಲ್ಲ. ನಾನು ಐದನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಆಮೇಲೆ ತಮಿಳಿಗೆ ಹೋದವನು. ತಮಿಳಿನ ವಿಶೇಷ ಳಕಾರ, ಹಳಗನ್ನಡದಲ್ಲಿ ಇದ್ದು ಈಗ ನಮ್ಮ ಬಾಯಿಂದ ಹೋಗಿರುವ ಆ ಅಕ್ಷರ, ನನ್ನ ನಾಲಿಗೆಗೆ ಬಂದದ್ದು ಹತ್ತು ವರ್ಷ ದಾಟಿದ ಮೇಲೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಆ ಅಕ್ಷರದಲ್ಲಿ ಕಲಿತ ಮಕ್ಕಳು ಕನ್ನಡ ಬರೆಯುವಾಗ ಕಾಗೆಗೂ ಕಾಕೆಗೂ ತಡವರಿಸುವುದನ್ನು ತಿದ್ದಿದ್ದೇನೆ. ಒಂದು ವರ್ಷದ ತಿದ್ದಾಟದಲ್ಲಿ ಸರಿಹೋಗುತ್ತಿತ್ತು. ತಡವಾಗಿ ಬಂದದ್ದಕ್ಕೆ ದುಡಿಮೆ ಹೆಚ್ಚು ಬೇಕು, ಬಾರದೇ ಹೋಗುವುದಿಲ್ಲ.

ಹಾಗಾದರೆ ಎಳೆಯ ವಯಸ್ಸಿನಲ್ಲಿ ನಾವು ಕೊಡಬೇಕಾದದ್ದು ಏನೂ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅದನ್ನು ಎಣಿಸಿದ್ದು ಅದೇ ಮನೆಯ ಇನ್ನೊಬ್ಬರು, ಹಟನ್‌ಲಾಕರ್ ಅವರ ಪತ್ನಿ ಜನೆಲೆನ್. ಅವರೂ ಶಿಕಾಗೋ ವಿಶ್ವವಿದ್ಯಾಲಯದಲ್ಲೇ ಮನಶ್ಶಾಸ್ತ್ರಜ್ಞೆ. ಗಂಡ ಸಿನಾಪ್ಸ್ ಎಣಿಸಿದರೆ ಹೆಂಡತಿ ತಾಯಂದಿರ ಮಾತನ್ನು ಎಣಿಸಿದರು. 1991ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ 22 ಮಕ್ಕಳ ಮನೆಗೆ, ಮಕ್ಕಳಿಗೆ 14ರಿಂದ 26 ತಿಂಗಳು ಆಗುವ ಅವಧಿಯಲ್ಲಿ ಮತ್ತೆ ಮತ್ತೆ ಹೋಗಿ, ತಾಯಿ ಎಷ್ಟು ಮಾತಾಡುತ್ತಾಳೆ, ಮಗು ಎಷ್ಟು ಹೊಸ ಪದ ಹಿಡಿಯುತ್ತದೆ ಎಂದು ದಾಖಲಿಸಿದರು. ಹೆಚ್ಚು ಮಾತು ಕೇಳಿದ ಮಗುವಿನ ಪದಸಂಪತ್ತು ಹೆಚ್ಚು ವೇಗವಾಗಿ ಬೆಳೆಯಿತು. ತಾಯಿ ಪದೇಪದೇ ಆಡುವ ಪದಗಳನ್ನೇ ಮಗು ಮೊದಲು ಕಲಿಯಿತು.

2002ರಲ್ಲಿ ಜನೆಲೆನ್ ಮತ್ತು ಅವರ ಸಂಗಡಿಗರು ಪುಟ್ಟ ಮಕ್ಕಳ ಶಾಲೆಗಳಿಗೆ ಹೋಗಿ ಮೇಡಂಗಳ ಮಾತನ್ನು ಗಮನಿಸಿದರು. ನಾನು ಮೇಷ್ಟರಾದ್ದರಿಂದ ಈ ಅಧ್ಯಯನ ನನಗೆ ಹೆಚ್ಚು ಇಷ್ಟ. ಒಂದು ವಾಕ್ಯದೊಳಗೆ ಇನ್ನೊಂದು ವಾಕ್ಯ ಸೇರಿಸಿ, ಕಾರಣ ಹೇಳಿ, ಷರತ್ತು ಹೇಳಿ ಮಾತಾಡುವ ಶಿಕ್ಷಕಿಯ ಮಕ್ಕಳು ವರ್ಷ ಮುಗಿಯುವ ಹೊತ್ತಿಗೆ ಅಂಥ ವಾಕ್ಯಗಳನ್ನು ಅರ್ಥಮಾಡಿಕೊಳ್ಳುವುದರಲ್ಲಿ ಹೆಚ್ಚು ಮುಂದೆ ಬಂದಿದ್ದರು. ವರ್ಷದ ಮೊದಲಿಗೆ ಮಕ್ಕಳು ಹೇಗಿದ್ದರು ಎಂಬುದಕ್ಕೂ ಶಿಕ್ಷಕಿಯ ಮಾತಿಗೂ ಸಂಬಂಧವಿರಲಿಲ್ಲ. ಅಂದರೆ ಒಳ್ಳೆಯ ಮಕ್ಕಳು ಒಳ್ಳೆಯ ಶಿಕ್ಷಕಿಗೆ ಸಿಕ್ಕಿದ್ದರು ಎಂದು ಹೇಳಿ ಜಾರಿಕೊಳ್ಳುವ ಹಾಗಿಲ್ಲ. ಅವರ ಮಾತು ಕೇಳಿ ಕೇಳಿ ಮಕ್ಕಳು ಬೆಳೆದಿದ್ದರು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ದಂಪತಿ ಕಲಿಕೆಯ ಮಾಧ್ಯಮದ ಬಗ್ಗೆ ಸಂಶೋಧನೆ ಮಾಡಿದವರಲ್ಲ. ಜನೆಲೆನ್ ನೋಡಿದ ಮಕ್ಕಳು ಮನೆಯಲ್ಲೂ ಶಾಲೆಯಲ್ಲೂ ಇಂಗ್ಲಿಷನ್ನೇ ಕೇಳುತ್ತಿದ್ದ ಮಕ್ಕಳು. ಇವರ ಹೆಸರು ಹೇಳಿ ಕನ್ನಡ ಮಾಧ್ಯಮವೇ ಶ್ರೇಷ್ಠ ಎಂದು ನಾನು ಸಾಧಿಸಹೊರಟರೆ ಕರಪತ್ರದವರಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ. ನಾನು ಹೇಳುವುದು ಇಷ್ಟೇ: ಎಳೆಯ ಮಗುವಿಗೆ ಬೇಕಾದದ್ದು ತುಂಬು ಮಾತು. ಅದನ್ನು ನೀವು ಯಾವ ಭಾಷೆಯಲ್ಲಿ ಕೊಡಬಲ್ಲಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಈಚೆಗೆ ಕೆಲವು ಮನೆಗಳಲ್ಲಿ ನಡೆಯುವುದನ್ನು ನೋಡುತ್ತಿದ್ದೇನೆ. ಮಗು ಇಂಗ್ಲಿಷ್ ಶಾಲೆಗೆ ಸೇರಿತು ಎಂದ ಕೂಡಲೇ ತಾಯಿ ಮನೆಯ ಮಾತನ್ನು ಬಿಟ್ಟು "ಕಮ್, ಸಿಟ್, ಈಟ್, ನೋ ಟಚ್" ಎನ್ನತೊಡಗುತ್ತಾಳೆ. ಶಾಲೆಯವರೇ ಹಾಗೆ ಮಾಡಿ ಎಂದಿರುತ್ತಾರೆ, ಆಕೆಯನ್ನು ಬೈದು ಫಲವಿಲ್ಲ. ಅದೇ ತಾಯಿ ಕನ್ನಡದಲ್ಲಿ ಮಾತಾಡುವಾಗ ಕೇಳಿ: "ಹಾಲು ಆರಿದ ಮೇಲೆ ಕುಡಿ ಕಂದಾ, ಈಗಲೇ ಬಾಯಿಗಿಟ್ಟರೆ ನಿನ್ನೆ ಸುಟ್ಟುಕೊಂಡೆಯಲ್ಲ, ಹಾಗೇ ಆಗುತ್ತೆ." ಈ ಒಂದು ಮಾತಿನಲ್ಲಿ ಷರತ್ತಿದೆ, ಕಾರಣವಿದೆ, ನಿನ್ನೆಯ ನೆನಪಿದೆ, ಹೋಲಿಕೆಯಿದೆ. ಜನೆಲೆನ್ ಎಣಿಸಿದ್ದು ಇಂಥ ವಾಕ್ಯಗಳನ್ನೇ. "ಈಟ್" ಎಂಬಲ್ಲಿ ಅಷ್ಟೆಲ್ಲ ಎಲ್ಲಿಂದ ಬರಬೇಕು? ನಿಮಗೆ ಇಂಗ್ಲಿಷು ನೀರು ಕುಡಿದಷ್ಟು ಸಲೀಸಾಗಿ ಬರುವುದಾದರೆ ಅದರಲ್ಲೂ ಮಾತಾಡಿ, ನನ್ನ ತಕರಾರಿಲ್ಲ. ಬಾರದಿದ್ದರೆ ಬರುವ ಮಾತನ್ನು ಮಗುವಿನಿಂದ ಕಸಿದುಕೊಳ್ಳಬೇಡಿ.

ಇಂಗ್ಲಿಷ್ ಬೇಡವೇ? ಬೇಕು. ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬೇಕು, ಅದಕ್ಕೆ ತಕ್ಕ ಶಿಕ್ಷಕರು ಇಲ್ಲದಿದ್ದರೆ ನೀವು ಗಟ್ಟಿಯಾಗಿ ಕೇಳಬೇಕು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯಿಂದಾಗಿ ನಮ್ಮ ಮಕ್ಕಳಿಗೆ ತಮಿಳೂ ಶಾಲೆಯಲ್ಲೇ ಇದೆ. ಮೂರು ಭಾಷೆ ಹೊರೆಯಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೂರು ಲಿಪಿಯನ್ನು ಒಂದೇ ವರ್ಷ ಒಟ್ಟಿಗೆ ಹೇರಿದರೆ ಹೊರೆಯೇ. ಮೊದಲು ಮನೆಮಾತಿನ ಓದು ಕೈಗೆ ಹತ್ತಿ, ಆಮೇಲೆ ಒಂದರ ಹಿಂದೆ ಒಂದು ಬಂದರೆ ಮಕ್ಕಳು ನಿಭಾಯಿಸುತ್ತಾರೆ. ಇದು ವಿಜ್ಞಾನಿಗಳ ಮಾತಲ್ಲ, ತರಗತಿಯಲ್ಲಿ ಕಂಡದ್ದು. ಬೇರೆ ಮೇಷ್ಟ್ರು ಬೇರೆ ಥರ ಕಂಡಿರಬಹುದು.

ಮಾತಿಗೆ ಹೊತ್ತೆಲ್ಲಿ ಎನ್ನುವವರೂ ಇದ್ದಾರೆ. ಇಬ್ಬರೂ ಕೂಲಿಗೆ ಹೋಗಿ ಬರುವ ಮನೆ, ಬಂದ ಮೇಲೆ ಒಲೆ ಹಚ್ಚಬೇಕು. ಒಲೆ ಹಚ್ಚುತ್ತಲೇ ಮಾತಾಡಿ. ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಹುಳುಕು ಯಾವುದು, ಎಳಸು ಯಾವುದು, ಯಾಕೆ ಎಸೆಯಬೇಕು ಎಂದು ಹೇಳಿ. ಅಜ್ಜಿ ಇದ್ದರೆ ಮಗುವನ್ನು ಅವರ ಮಡಿಲಿಗೆ ಬಿಡಿ, ಕೈಯಲ್ಲಿರುವ ಮೊಬೈಲನ್ನು ಅವರಿಂದಲೂ ಸ್ವಲ್ಪ ದೂರವಿಡಿ. ಹಾಡುವ ಮೊಬೈಲು ಮಗುವಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಪ್ಪಂದಿರಿಗೂ ಈ ಮಾತು ಸೇರಿದ್ದೇ.

ಜೂನ್‌ನಲ್ಲಿ ಮಗುವನ್ನು ಅಂಗನವಾಡಿಗೋ ಒಂದನೆಯ ತರಗತಿಗೋ ಸೇರಿಸಲು ಹೋದಾಗ, ಅದು ಯಾವ ಮಾಧ್ಯಮದ ಶಾಲೆಯೇ ಆಗಿರಲಿ, ಗೋಡೆಯ ಬಣ್ಣ, ಮಕ್ಕಳ ಬೂಟು ಇವೆಲ್ಲವನ್ನು ಆಮೇಲೆ ನೋಡಿ. ಕಾಲು ಗಂಟೆ ಬಾಗಿಲ ಹೊರಗೆ ನಿಂತು ಕಿವಿಗೊಡಿ. ಮೇಡಂ ಮಕ್ಕಳೊಡನೆ ಮಾತಾಡುತ್ತಿದ್ದಾರೋ, ಬರೀ ಆಜ್ಞೆ ಮಾಡುತ್ತಿದ್ದಾರೋ? ಮಗುವೊಂದು ಏನಾದರೂ ಹೇಳಿದರೆ ಅದಕ್ಕೆ ಪೂರ್ತಿ ಉತ್ತರ ಸಿಗುತ್ತಿದೆಯೋ, ಇಲ್ಲವೇ ಕೈಕಟ್ಟಿ ಕೂರು ಎಂಬಲ್ಲಿಗೆ ಮುಗಿಯುತ್ತಿದೆಯೋ? ಒಳಗಿನಿಂದ ಯಾರ ದನಿ ಹೆಚ್ಚು ಕೇಳುತ್ತಿದೆ ಎಂದು ಗಮನಿಸಿ, ಆಮೇಲೆ ಅರ್ಜಿ ತುಂಬಿ.